ಮಳೆ, ನೆರೆ ಮತ್ತು ಮದ್ಯದ ಪರವಾನಗಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹತ್ತಿರವಾದಂತೆ ಪರ್ಮಿಟ್ ರೂಮ್ (ಕುಳಿತು ಕುಡಿಯುವ ಬಾರ್), ವೈನ್ ಶಾಪ್, ಸಗಟು ಗೋದಾಮು ನಡೆಸುವ ಓದುಗರಿಂದ ಹೆಚ್ಚುಕಡಿಮೆ ಒಂದೇ ತೆರನ ಪತ್ರಗಳು ಬರುತ್ತವೆ. ಮುಂಬಯಿ, ಪುಣೆಯ ಈ ವ್ಯವಹಾರದಲ್ಲಿ ಕರಾವಳಿಯ ಕನ್ನಡಿಗರು, ತುಳುವರು ಎಷ್ಟು ಮಂದಿ ಇದ್ದಾರೆಂದು ಹೇಳಬೇಕಾಗಿಲ್ಲ. ಈ ಸಲದ ಅಂಕಣವನ್ನು ಪೂರ್ತಿ ಅವರ ಪ್ರಶ್ನೆಗಳಿಗೇ ಬಿಟ್ಟಿದ್ದೇವೆ. ಉತ್ತರಗಳೆಲ್ಲ ಮಹಾರಾಷ್ಟ್ರದ ಕಾನೂನಿಗೆ ಸಂಬಂಧಿಸಿದವು. ಗೋವಾದ ಅಬಕಾರಿ ಕಾನೂನು ಬೇರೆ, ಅದನ್ನು ಇದರ ಜತೆ ಬೆರೆಸಬೇಡಿ.

ಪ್ರಶ್ನೆ: ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಪರ್ಮಿಟ್ ರೂಮ್ ಮುಚ್ಚಲೇಬೇಕೇ? ಪೊಲೀಸರು ಬಂದು ಬಾಯಿಮಾತಿನಲ್ಲಿ ಮುಚ್ಚಿ ಎಂದರೆ ಏನು ಮಾಡಬೇಕು? (ಕುರ್ಲಾದ ಓದುಗರು)

ರೆಡ್ ಅಲರ್ಟ್ ಎನ್ನುವುದು ಮುನ್ಸೂಚನೆ ಮಾತ್ರ. ಅದೊಂದರಿಂದಲೇ ಆ ದಿನ ಡ್ರೈ ಡೇ, ಅಂದರೆ ಮದ್ಯ ಮಾರಬಾರದ ದಿನ, ಆಗುವುದಿಲ್ಲ. ಶಾಲೆಗಳಿಗೆ ರಜೆ ಕೊಟ್ಟ ಆದೇಶವೂ ನಿಮ್ಮ ಅಂಗಡಿಗೆ ಅನ್ವಯಿಸುವುದಿಲ್ಲ. ಮುಚ್ಚಬೇಕಾಗುವುದು ನಿಮ್ಮ ವ್ಯಾಪ್ತಿಯ ಅಧಿಕಾರಿ ಆದೇಶ ಹೊರಡಿಸಿದಾಗ.

ಆ ಆದೇಶ ಎರಡು ದಾರಿಯಲ್ಲಿ ಬರಬಹುದು. ಒಂದು, ಮಹಾರಾಷ್ಟ್ರ ಪಾನನಿಷೇಧ ಕಾಯ್ದೆ, 1949ರ 142ನೇ ಕಲಮು. ಸಾರ್ವಜನಿಕ ಶಾಂತಿಗೆ ಅಗತ್ಯವೆಂದು ಕಂಡರೆ ಜಿಲ್ಲಾಧಿಕಾರಿ ಲಿಖಿತ ಆದೇಶ ಕೊಟ್ಟು, ಇಂತಿಷ್ಟು ಹೊತ್ತು ಮುಚ್ಚಿ ಎನ್ನಬಹುದು. ದೊಂಬಿ ನಡೆಯುವ ಸ್ಥಿತಿ ಇದ್ದರೆ ಸ್ಥಳದಲ್ಲಿರುವ ಮ್ಯಾಜಿಸ್ಟ್ರೇಟರು ಅಥವಾ ಪೊಲೀಸ್ ಅಧಿಕಾರಿಯೇ ಹೇಳಬಹುದು. ಅಂಥ ಹೊತ್ತಿನಲ್ಲಿ ಯಾವ ಅಧಿಕಾರಿಯೂ ಅಲ್ಲಿ ಇಲ್ಲದಿದ್ದರೆ ಪರವಾನಗಿದಾರ ತಾನಾಗಿಯೇ ಮುಚ್ಚಬೇಕೆಂದು ಅದೇ ಕಲಮು ಹೇಳುತ್ತದೆ. ಇದನ್ನು ಎಷ್ಟೋ ಮಂದಿ ಗಮನಿಸಿರುವುದಿಲ್ಲ. ಎರಡನೆಯ ದಾರಿ ವಿಪತ್ತು ನಿರ್ವಹಣಾ ಕಾಯ್ದೆ, 2005. ನೆರೆ, ಚಂಡಮಾರುತ, ಸಾಂಕ್ರಾಮಿಕ ರೋಗ, ಎಲ್ಲದಕ್ಕೂ ಇದು ಅನ್ವಯಿಸುತ್ತದೆ. ಸಕಾರಣವಿಲ್ಲದೆ ಈ ಆದೇಶ ಮೀರಿದರೆ 51ನೇ ಕಲಮಿನಂತೆ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ನೀವು ಮೀರಿದ್ದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ. ಇದರ ಜತೆಗೆ ಪಾನನಿಷೇಧ ಕಾಯ್ದೆಯ 54ನೇ ಕಲಮಿನಡಿ ಪರವಾನಗಿಯನ್ನೇ ಅಮಾನತು ಮಾಡುವ ಅಧಿಕಾರ ಇಲಾಖೆಗಿದೆ. ಒಂದು ರಾತ್ರಿಯ ಗಲ್ಲಾಕ್ಕಾಗಿ ಇದನ್ನು ಪಣಕ್ಕಿಡುವುದು ಸಲ್ಲದು.

ಆದೇಶ ವಾಟ್ಸಾಪ್‌ನಲ್ಲಿ ಬಂದರೆ ನಾಲ್ಕು ಸಂಗತಿ ನೋಡಿ: ಆದೇಶದ ಸಂಖ್ಯೆ, ತಾರೀಖು, ಸಹಿ ಮಾಡಿದ ಅಧಿಕಾರಿ, ಪ್ರದೇಶ. ಹಳೆಯ ಆದೇಶಗಳು ಪ್ರತಿ ಮಳೆಗಾಲದಲ್ಲೂ ಮತ್ತೆ ತಿರುಗಾಡುತ್ತವೆ. ಮುಂಬಯಿಯಲ್ಲಿ ಎರಡು ಜಿಲ್ಲೆಗಳಿವೆ ಎಂಬುದನ್ನೂ ಮರೆಯಬೇಡಿ. ಸಯನ್ ಮುಂಬಯಿ ನಗರ ಜಿಲ್ಲೆಗೆ ಸೇರಿದರೆ ನಿಮ್ಮ ಕುರ್ಲಾ ಉಪನಗರ ಜಿಲ್ಲೆಗೆ ಸೇರುತ್ತದೆ. ಅಲ್ಲಿಯ ಜಿಲ್ಲಾಧಿಕಾರಿಯ ಆದೇಶ ಇಲ್ಲಿಗೆ ನಡೆಯುವುದಿಲ್ಲ.

ರಾಜ್ಯ ಸರ್ಕಾರ ತೆರೆಯಲು ಬಿಟ್ಟಿದೆ ಎಂಬ ಸುದ್ದಿ ಓದಿ ಶಟರ್ ಎತ್ತುವವರಿದ್ದಾರೆ. ಕೋವಿಡ್ ಲಾಕ್‌ಡೌನಿನಲ್ಲಿ, 2020ರ ಮೇ ತಿಂಗಳಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ರಾಜ್ಯದ ಸಡಿಲಿಕೆಯಂತೆ ವೈನ್ ಶಾಪ್‌ಗಳು ತೆರೆದವು, ಜನ ಮುಗಿಬಿದ್ದರು, ಮೇ 5ರಂದೇ ಮುಂಬಯಿ ಪಾಲಿಕೆ ಆಯುಕ್ತರು ನಗರದಲ್ಲಿ ಮುಚ್ಚಿಸಿದರು. ಮುಂದೆ ಅದೇ ತಿಂಗಳ ಕೊನೆಗೆ ಮನೆ ಬಾಗಿಲಿಗೆ ತಲುಪಿಸುವ ಕ್ರಮಕ್ಕೆ ಮಾತ್ರ ಅವಕಾಶ ಸಿಕ್ಕಿತು. ಹೀಗೆ ಸ್ಥಳೀಯ ಆದೇಶ ರಾಜ್ಯದ್ದಕ್ಕಿಂತ ಬಿಗಿಯಾಗಿದ್ದರೆ ಬಿಗಿಯಾದದ್ದನ್ನೇ ಪಾಲಿಸಬೇಕು.

ಪೊಲೀಸರು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲೇ ವಾದಕ್ಕೆ ನಿಲ್ಲಬೇಡಿ. ಮೊದಲು ಮುಚ್ಚಿ. ಬಳಿಕ ಅಧಿಕಾರಿಯ ಹುದ್ದೆ, ಹೇಳಿದ ವೇಳೆ ಬರೆದಿಟ್ಟು, ಅರ್ಧ ಗಂಟೆಯೊಳಗೆ ಅಬಕಾರಿ ನಿರೀಕ್ಷಕರಿಗೂ ಠಾಣೆಗೂ ಇಮೇಲ್ ಮಾಡಿ: "ಇಂಥ ವೇಳೆಗೆ ಸೂಚನೆಯಂತೆ ಮುಚ್ಚಿದ್ದೇವೆ, ಮತ್ತೆ ತೆರೆಯಲು ಲಿಖಿತ ಸೂಚನೆ ಬೇಕು." ಮುಂದೆ ಯಾವ ತಕರಾರು ಬಂದರೂ ಉಪಯೋಗಕ್ಕೆ ಬರುವುದು ಈ ಕಾಗದವೇ.

ಪ್ರಶ್ನೆ: ಮಿಠಿ ನದಿ ಉಕ್ಕಿದರೆ ನಮ್ಮ ಸ್ಟಾಕ್ ರೂಮಿಗೆ ಮಂಡಿಯುದ್ದ ನೀರು ಬರುತ್ತದೆ. ಅದೇ ಕಟ್ಟಡದ ಎರಡನೇ ಮಾಳಿಗೆಯಲ್ಲಿ ನಮ್ಮ ಅಣ್ಣನ ಮನೆ ಇದೆ. ಬಾಟಲಿಗಳನ್ನು ಒಂದು ರಾತ್ರಿಯ ಮಟ್ಟಿಗೆ ಅಲ್ಲಿಡಬಹುದೇ? (ಕುರ್ಲಾದ ಇನ್ನೊಬ್ಬ ಓದುಗರು)

ಬೇಡ. ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಪರವಾನಗಿ ಇರುವುದು ನಿಮಗೆ ಮಾತ್ರವಲ್ಲ, ಇಲಾಖೆ ಮಂಜೂರು ಮಾಡಿದ ನಕ್ಷೆಯೊಳಗಿನ ಜಾಗಕ್ಕೂ. ಆ ಜಾಗ ದಾಟಿದ ಬಾಟಲಿ, ಬಿಲ್ ಇದ್ದರೂ, ಅನಧಿಕೃತ ದಾಸ್ತಾನೇ. ಅಣ್ಣನ ಮೇಲೂ ಪಾನನಿಷೇಧ ಕಾಯ್ದೆಯ 65ನೇ ಕಲಮಿನಡಿ ಕೇಸು ಬೀಳಬಹುದು. ವಿಮೆಯೂ ಕೈತಪ್ಪುತ್ತದೆ, ಏಕೆಂದರೆ ಪಾಲಿಸಿಯಲ್ಲಿರುವುದು ಅಂಗಡಿಯ ವಿಳಾಸ.

ಮಾಡಬೇಕಾದದ್ದು ಮಳೆಗಿಂತ ಮುಂಚಿನ ಕೆಲಸ. ಅಂಗಡಿಯೊಳಗೆ ಪೋಟ್‌ಮಾಳ (ಅಟ್ಟ) ಇದ್ದರೆ ಅದು ಮಂಜೂರಾದ ನಕ್ಷೆಯಲ್ಲಿ ದಾಸ್ತಾನಿನ ಜಾಗವೆಂದು ತೋರಿಸಲ್ಪಟ್ಟಿದೆಯೇ ನೋಡಿ. ಇಲ್ಲದಿದ್ದರೆ ಮೇ ತಿಂಗಳೊಳಗೆ ಅಬಕಾರಿ ಅಧೀಕ್ಷಕರ ಕಚೇರಿಗೆ ಅರ್ಜಿ ಕೊಟ್ಟು ಸೇರಿಸಿಕೊಳ್ಳಿ. ಹಾಗೆಯೇ "ನೆರೆ ಬಂದರೆ ಇಂಥ ಜಾಗಕ್ಕೆ ತಾತ್ಕಾಲಿಕವಾಗಿ ಸಾಗಿಸಲು ಅನುಮತಿ ಬೇಕು" ಎಂದು ವಿಳಾಸ, ನಕ್ಷೆ, ಬೀಗದ ವ್ಯವಸ್ಥೆ ಸಮೇತ ಮೊದಲೇ ಕೇಳಿ. ಅನುಮತಿ ಸಿಗಬಹುದು, ಸಿಗದೆಯೂ ಇರಬಹುದು. ಆದರೆ ನೀರು ಬಾಗಿಲಿಗೆ ಬಂದ ಮೇಲೆ ಕೇಳಿದರೆ ಸಿಗುವ ಸಂಭವವೇ ಇಲ್ಲ. ನಿಮ್ಮದೇ ಇನ್ನೊಂದು ಪರ್ಮಿಟ್ ರೂಮ್ ಇದ್ದರೂ ಅನುಮತಿ, ಸಾಗಣೆಯ ಪಾಸ್ ಇಲ್ಲದೆ ಅಲ್ಲಿಗೆ ಪೆಟ್ಟಿಗೆ ಸಾಗಿಸುವಂತಿಲ್ಲ.

ಎತ್ತರಕ್ಕೇರಿಸುವಾಗ ಭಾರದ ಲೆಕ್ಕ ಹಾಕಿ. 750 ಮಿಲಿಯ 12 ಬಾಟಲಿಗಳ ಒಂದು ಪೆಟ್ಟಿಗೆ ಸುಮಾರು 15 ಕಿಲೋ ತೂಗುತ್ತದೆ, 650 ಮಿಲಿಯ 12 ಬಿಯರ್ ಬಾಟಲಿಗಳದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ 200 ಪೆಟ್ಟಿಗೆ ಎಂದರೆ ಮೂರು ಟನ್. ಹಳೆಯ ಚಾಳಿನ ಮರದ ಪೋಟ್‌ಮಾಳ ಅಷ್ಟು ಹೊರುವುದಿಲ್ಲ. ಅದು ಕುಸಿದರೆ ಕೆಳಗೆ ನಿಂತವರ ಜೀವಕ್ಕೇ ಅಪಾಯ. ಹಾಗಾಗಿ ಎಲ್ಲವನ್ನೂ ಏರಿಸಲು ಹೋಗಬೇಡಿ. ಕಿಲೋ ತೂಕಕ್ಕೆ ಬೆಲೆ ಹೆಚ್ಚಿರುವ ಸ್ಕಾಚ್, ಆಮದು ವೈನ್ ಮೊದಲು, ದೇಶಿ ವಿಸ್ಕಿ, ರಮ್ ಆಮೇಲೆ, ಬಿಯರ್ ಕೊನೆಗೆ. ಇಬ್ಬರು ಆಳುಗಳು ಕೈಯಿಂದ ಕೈಗೆ ದಾಟಿಸಿದರೂ ನಿಮಿಷಕ್ಕೊಂದು ಪೆಟ್ಟಿಗೆಯ ಮೇಲೆ ಆಗುವುದಿಲ್ಲ. ನೂರು ಪೆಟ್ಟಿಗೆಗೆ ಎರಡು ಗಂಟೆ ಹಿಡಿಯಿರಿ.

ಉಳಿದದ್ದಕ್ಕೆ ಕಬ್ಬಿಣದ ಸ್ಟ್ಯಾಂಡು. ಅದರ ಮೊದಲ ಹಲಗೆ, ಹಿಂದೆ ಗೋಡೆಯಲ್ಲಿ ನೀರು ಬಿಟ್ಟ ಗುರುತಿಗಿಂತ ಒಂದು ಅಡಿ ಮೇಲಿರಲಿ. ನೆಲದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಸಾಲಾಗಿ ಪೇರಿಸಿದರೆ ಅಡಿಯ ಪೆಟ್ಟಿಗೆ ನೆನೆದು ಮೆತ್ತಗಾಗಿ, ನೀರು ಮುಟ್ಟದ ಮೇಲಿನ ಪೆಟ್ಟಿಗೆಗಳೂ ಉರುಳುತ್ತವೆ. ನೆರೆಯಲ್ಲಿ ಒಡೆಯುವ ಬಾಟಲಿಗಳಲ್ಲಿ ಹೆಚ್ಚಿನವು ಹೀಗೆ ಬಿದ್ದವೇ. ಪಾಲಿಕೆ ಪ್ರತಿ ಮಳೆಗಾಲಕ್ಕೂ 4.5 ಮೀಟರಿಗಿಂತ ಮೇಲಿನ ಭರತದ ದಿನ, ವೇಳೆಗಳನ್ನು ಪ್ರಕಟಿಸುತ್ತದೆ. ಆ ಹೊತ್ತಿಗೆ ಜೋರು ಮಳೆ ಬಂದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯದೆ ನಿಮ್ಮ ಓಣಿಯಲ್ಲೇ ನಿಲ್ಲುತ್ತದೆ. ಆ ಪಟ್ಟಿ ಗಲ್ಲಾದ ಬಳಿ ಅಂಟಿಸಿರಲಿ. ಅಂಥ ದಿನಗಳ ಹಿಂದಿನ ವಾರ ಹೊಸ ಮಾಲು ತರಿಸುವುದನ್ನು ತಗ್ಗಿಸಿ.

ಪ್ರಶ್ನೆ: ರೈಲು ನಿಂತು ಗಿರಾಕಿಗಳು ರಾತ್ರಿಯಿಡೀ ಒಳಗೇ ಉಳಿಯಬೇಕಾಗಿ ಬಂದರೆ ಅದು ಅಪರಾಧವೇ? (ಅಂಧೇರಿ)

ಆಸರೆ ಕೊಡುವುದು ಅಪರಾಧವಲ್ಲ. ಮುಚ್ಚುವ ವೇಳೆ ಮೀರಿ ಮದ್ಯ ಕೊಡುವುದು ಅಪರಾಧ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಜನ ಎಲ್ಲೆಲ್ಲೋ ರಾತ್ರಿ ಕಳೆದಿದ್ದರು. ಮತ್ತೆ ಅಂಥ ರಾತ್ರಿ ಬಂದರೆ ಪರವಾನಗಿಯಲ್ಲಿ ಬರೆದ ವೇಳೆಗೆ ಸರಿಯಾಗಿ ಬಾರ್ ಕೌಂಟರಿಗೆ ಬೀಗ ಹಾಕಿ, ಕೊನೆಯ ಬಿಲ್ ತೆಗೆದು, ಮೇಜಿನ ಮೇಲಿನ ಗ್ಲಾಸು, ಬಾಟಲಿ ಎತ್ತಿಸಿ. ಕೌಂಟರಿನ, ಮೇಜುಗಳ ಫೋಟೋ ತೆಗೆದಿಡಿ. 112ಕ್ಕೆ ಕರೆ ಮಾಡಿ ಎಷ್ಟು ಮಂದಿ ಒಳಗಿದ್ದಾರೆಂದು ತಿಳಿಸಿ, ಪಾಲಿಕೆಯ ನೆರೆ ಸಹಾಯವಾಣಿ 1916. ಅನ್ನ, ಚಹಾ, ಕುಡಿಯುವ ನೀರು ಧಾರಾಳವಾಗಿ ಕೊಡಿ. ಕುಡಿದಿರುವವರನ್ನು ಮೊಣಕಾಲು ಮಟ್ಟದ ನೀರಿಗೆ ಕಳಿಸಬೇಡಿ. ತೆರೆದ ಮ್ಯಾನ್‌ಹೋಲ್ ಕಾಣುವುದಿಲ್ಲ.

ಪ್ರಶ್ನೆ: ಮುಠಾ ನದಿಗೆ ನೀರು ಬಿಟ್ಟಾಗ ನಮ್ಮ ವೈನ್ ಶಾಪ್ ಮುಳುಗಿತು. ಬಾಟಲಿಗಳ ಸೀಲ್ ಹಾಗೇ ಇದೆ. ತೊಳೆದು, ಒರೆಸಿ, ಕಡಿಮೆ ಬೆಲೆಗೆ ಮಾರಬಹುದೇ? (ಪುಣೆ, ಸಿಂಹಗಡ ರಸ್ತೆ)

ಮಾರಬೇಡಿ. ಒಂದು ಬಾಟಲಿಯನ್ನೂ ಮಾರಬೇಡಿ. 2024ರ ಜುಲೈ 25ರಂದು ಖಡಕವಾಸಲಾ ಅಣೆಕಟ್ಟಿನಿಂದ ಬಿಟ್ಟ ನೀರು ನಿಮ್ಮ ಭಾಗದ ಏಕತಾ ನಗರಿಗೆ ನುಗ್ಗಿತ್ತು. ಅಂಥ ನೀರಿನಲ್ಲಿ ಗಟಾರದ ಕೊಳೆ, ಡೀಸೆಲ್, ಇಲಿಯ ಮೂತ್ರ ಎಲ್ಲವೂ ಇರುತ್ತವೆ.

ಸೀಲ್ ಮುರಿಯದಿದ್ದರೆ ಒಳಗಿನ ಮದ್ಯ ಕೆಡುವುದಿಲ್ಲವಲ್ಲ ಎಂಬುದು ನಿಮ್ಮ ವಾದ. ತೊಂದರೆ ಮುಚ್ಚಳದ ಕೆಳಗಿದೆ. ತಿರುಗಿಸುವ ಮುಚ್ಚಳದ ಅಡಿಯ ಸುರುಳಿ, ಬಿಯರ್ ಬಾಟಲಿಯ ಬಿರಡೆಯ ಅಂಚು, ಈ ಸಂದುಗಳಲ್ಲಿ ಕೆಸರು ನೀರು ಸೇರಿಕೊಂಡು ಒಣಗುತ್ತದೆ. ಹೊರಗಿನಿಂದ ಎಷ್ಟು ತಿಕ್ಕಿದರೂ ಅಲ್ಲಿಗೆ ಕೈ ಹೋಗುವುದಿಲ್ಲ. ಗಿರಾಕಿ ಮುಚ್ಚಳ ತೆರೆದು ಬಗ್ಗಿಸಿದಾಗ ಮದ್ಯ ಅದೇ ಕೊಳೆಯ ಮೇಲೆ ಹಾದು ಗ್ಲಾಸಿಗೆ ಬರುತ್ತದೆ. ವೈನಿನ ಕಾರ್ಕ್ ನೀರನ್ನೇ ಹೀರಿಕೊಳ್ಳುತ್ತದೆ. ಬಿಯರ್ ಕ್ಯಾನನ್ನು ಸೋಂಕು ತೆಗೆಯುವ ದ್ರಾವಣದಲ್ಲಿ ತೊಳೆದು ಉಳಿಸಬಹುದೆಂದು ಮನೆಬಳಕೆಗೆ ಹೇಳುವುದುಂಟು. ಆದರೆ ಅಂಗಡಿಗೆ ಅದು ಒಪ್ಪುವುದಿಲ್ಲ, ಬಾಯಿ ಇಟ್ಟು ಕುಡಿಯುವ ಅಂಚೇ ಮುಳುಗಿರುತ್ತದೆ.

ಕಾನೂನೂ ಬಿಡುವುದಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ವ್ಯಾಖ್ಯೆಯಲ್ಲಿ ಮದ್ಯವೂ ಆಹಾರವೇ. ನೀರಲ್ಲಿ ಲೇಬಲ್ ಕಿತ್ತುಹೋದರೆ ಬ್ಯಾಚ್ ಸಂಖ್ಯೆ, ಎಂಆರ್‌ಪಿ, ಎಚ್ಚರಿಕೆಯ ಮಾತು ಯಾವುದೂ ಉಳಿಯುವುದಿಲ್ಲ. ಅಂಥ ಬಾಟಲಿ ಅಸಲಿಯೇ ನಕಲಿಯೇ ಎಂದು ಗಿರಾಕಿ ಹೇಗೆ ತಿಳಿಯಬೇಕು?

ಇನ್ನು ಮಾಡಬೇಕಾದ ಕ್ರಮ. ಒಳಗೆ ಹೋಗುವ ಮೊದಲು ಮೇನ್ ಸ್ವಿಚ್ ತೆಗೆಸಿ, ಶಟರ್ ಪೂರ್ತಿ ಎತ್ತಿ ಗಾಳಿಯಾಡಲು ಬಿಡಿ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್ ಇರುತ್ತದೆ. ಶೇಕಡಾ 40ರ ಮದ್ಯದ ಆವಿಯೂ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಮಳೆಗಾಲದಲ್ಲಿ ಮುಚ್ಚಿದ ಅಂಗಡಿಯ ಶಾಖ ಅದಕ್ಕಿಂತ ಕಡಿಮೆ ಇರುವುದಿಲ್ಲ. ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿರುತ್ತದೆ. ಬೆಂಕಿಕಡ್ಡಿ, ಬೀಡಿ, ಮೇಣದಬತ್ತಿ, ಫ್ರಿಜ್ಜಿನ ಸ್ವಿಚ್ಚು ಯಾವುದೂ ಬೇಡ. ಬ್ಯಾಟರಿ ದೀಪವನ್ನು ಹೊರಗಡೆಯೇ ಹಚ್ಚಿಕೊಂಡು ಹೋಗಿ. ಆಳುಗಳಿಗೆ ಗಂಬೂಟು, ದಪ್ಪ ಕೈಗವಸು ಕೊಡಿಸಿ. ಗಾಜು ತಾಗಿ ಗಾಯವಾದ ಕಾಲು ನೆರೆ ನೀರಿನಲ್ಲಿದ್ದರೆ ಇಲಿಜ್ವರದ ಭಯ. ಜ್ವರ ಬರುವವರೆಗೆ ಕಾಯದೆ, 72 ಗಂಟೆಯೊಳಗೆ ವೈದ್ಯರಿಗೆ ತೋರಿಸಿ ತಡೆ ಔಷಧ ಕೇಳಿ.

ಆಮೇಲೆ ಎಣಿಕೆ. ಏನನ್ನೂ ಎಸೆಯಬೇಡಿ. ಮುಳುಗಿದ್ದು, ಒಡೆದದ್ದು, ನೀರು ಮುಟ್ಟದ್ದು ಎಂದು ಮೂರು ಪಾಲು ಮಾಡಿ. ಪ್ರತಿ ಪಾಲಿನಲ್ಲೂ ಬ್ರ್ಯಾಂಡ್, ಅಳತೆ, ಬ್ಯಾಚ್ ಬರೆಯಿರಿ. ಪೆಟ್ಟಿಗೆಯ ಲೆಕ್ಕ ಸಾಲದು, ಬಾಟಲಿಯ ಲೆಕ್ಕ ಬೇಕು: 750 ಮಿಲಿಯದಾದರೆ ಪೆಟ್ಟಿಗೆಗೆ 12, 375ರದ್ದು 24, 180ರ ಕ್ವಾರ್ಟರ್ 48. ಒಡೆದವುಗಳಿಗೆ ಮುಚ್ಚಳವಿರುವ ಕತ್ತಿನ ಭಾಗವನ್ನು ಆರಿಸಿ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ. ಗೋಡೆಯ ನೀರಿನ ಗುರುತು, ಕಪಾಟುಗಳು, ಒಡೆದ ರಾಶಿ, ಎಲ್ಲದರ ಫೋಟೋ ತೆಗೆಯಿರಿ. ಆ ದಿನವೇ ನಿರೀಕ್ಷಕರಿಗೆ ಲಿಖಿತ ಸೂಚನೆ ಕೊಟ್ಟು ಪಂಚನಾಮೆಗೆ ಕೋರಿ. ತಲಾಠಿ (ಗ್ರಾಮ ಲೆಕ್ಕಿಗ) ಅಥವಾ ತಹಸೀಲ್ ಕಚೇರಿಯವರು ನೆರೆ ಹಾನಿಗೆ ಮಾಡುವ ಪಂಚನಾಮೆ ಬೇರೆ, ಅದು ಸರ್ಕಾರದ ಪರಿಹಾರಕ್ಕೆ. ನಿಮಗೆ ಎರಡೂ ಬೇಕು.

ನಾಶಪಡಿಸುವುದು ಅಧೀಕ್ಷಕರ ಅನುಮತಿ ಬಂದ ಮೇಲೆ, ಅಬಕಾರಿ ಅಧಿಕಾರಿಯ ಎದುರಿಗೆ. ಸುರಿಯುವಾಗ ಜತೆಗೆ ಧಾರಾಳ ನೀರು ಬಿಡಿ, ಹೊರಾಂಗಣದಲ್ಲೇ ಸುರಿಯಿರಿ. ಮುಚ್ಚಿದ ಗಟಾರಕ್ಕೆ ಹಾಗೇ ಸುರಿದರೆ ಆವಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಖಾಲಿ ಬಾಟಲಿಗಳನ್ನು ಒಡೆಸಿಯೇ ಗುಜರಿಗೆ ಕೊಡಿ. ಲೇಬಲ್ ಚೆನ್ನಾಗಿರುವ ಖಾಲಿ ಸ್ಕಾಚ್ ಬಾಟಲಿಗೆ ನಕಲಿ ಮಾಲು ತುಂಬುವವರು ಕಾದೇ ಇರುತ್ತಾರೆ. ಕಾಳಸಂತೆಯ ಮದ್ಯಕ್ಕೆ ಮಿಥೈಲ್ ಆಲ್ಕೋಹಾಲ್ ಬೆರೆತರೆ ಏನಾಗುತ್ತದೆಂದು 2015ರ ಜೂನ್‌ನಲ್ಲಿ ಮಲಾಡಿನ ಮಾಲವಣಿಯಲ್ಲಿ ಕಂಡಿದ್ದೇವೆ. ನೂರಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ಅಂಗಡಿಯಿಂದ ಹೋದ ಬಾಟಲಿ ಅಂಥ ಕೈಗೆ ಸೇರಬಾರದು.

ಪ್ರಶ್ನೆ: ವಿಮೆ ಇದೆ. ಆದರೂ ಕಳೆದ ಸಲ ಅರ್ಧದಷ್ಟೂ ಸಿಗಲಿಲ್ಲ. ಎಲ್ಲಿ ತಪ್ಪುತ್ತದೆ? (ದಹಿಸರ್)

ಹೆಚ್ಚಾಗಿ ಮೂರು ಕಡೆ. ಮೊದಲನೆಯದು ವಿಮೆಯ ಮೊತ್ತ. 20 ಲಕ್ಷದ ಮಾಲಿಗೆ 10 ಲಕ್ಷದ ವಿಮೆ ಮಾಡಿಸಿ, ನಾಲ್ಕು ಲಕ್ಷದ ಮಾಲು ಹೋದರೆ, ನಾಲ್ಕು ಲಕ್ಷ ಬರುವುದಿಲ್ಲ. ಅರ್ಧ ವಿಮೆಗೆ ಅರ್ಧ ಪರಿಹಾರ, ಎರಡೇ ಲಕ್ಷ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಹಿಡಿಯುತ್ತಾರೆ. ಮದ್ಯಕ್ಕೆ ಸುಂಕ ನಿಮ್ಮ ಅಂಗಡಿಗೆ ಬರುವ ಮೊದಲೇ ಕಟ್ಟಿ ಆಗಿರುತ್ತದೆ. ಸುಂಕ ಸೇರಿದ ಖರೀದಿ ಬೆಲೆಯಲ್ಲೇ ಮಾಲಿನ ಮೌಲ್ಯ ಹಿಡಿಯಿರಿ. ಹಬ್ಬದ ಮುಂಚೆ ಮಾಲು ಹೆಚ್ಚಾದರೆ ಮೊತ್ತವನ್ನೂ ಏರಿಸಿ.

ಎರಡನೆಯದು ಲೆಕ್ಕಗಳ ತಾಳೆ. ಅಬಕಾರಿ ರಿಜಿಸ್ಟರಿನ ಮುಕ್ತಾಯ ದಾಸ್ತಾನು, ಖರೀದಿ ಬಿಲ್ಲು, ಟ್ರಾನ್ಸ್‌ಪೋರ್ಟ್ ಪಾಸ್, ಬ್ಯಾಂಕಿಗೆ ತಿಂಗಳು ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್, ಈ ನಾಲ್ಕರಲ್ಲೂ ಒಂದೇ ಅಂಕಿ ಇರಬೇಕು. ಸಾಲದ ಮಿತಿಗಾಗಿ ಬ್ಯಾಂಕಿಗೆ ಹೆಚ್ಚು ತೋರಿಸಿ, ರಿಜಿಸ್ಟರಿನಲ್ಲಿ ಕಡಿಮೆ ಇದ್ದರೆ ಹಾನಿ ಅಂದಾಜಿಸಲು ಬರುವ ವಿಮೆಯ ಸರ್ವೇಯರ್ ಕಡಿಮೆ ಇರುವುದನ್ನೇ ಹಿಡಿಯುತ್ತಾರೆ. ದಿನದ ಲೆಕ್ಕ ದಿನವೇ ಮುಗಿಸಿ, ತೆರೆದ ಬಾಟಲಿಯ ಉಳಿಕೆಯನ್ನು ಮಿಲಿಯಲ್ಲಿ ಬರೆದು, ಆ ಪುಟದ ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಎರಡು ನಿಮಿಷದ ಕೆಲಸ. ರಿಜಿಸ್ಟರು ನೀರುಪಾಲಾದರೂ ಲೆಕ್ಕ ಉಳಿಯುತ್ತದೆ. ನೆನೆದ ರಿಜಿಸ್ಟರನ್ನು ಎಸೆಯದೆ ನೆರಳಲ್ಲಿ ಒಣಗಿಸಿಡಿ. ಕೊಚ್ಚಿಹೋಗಿದ್ದರೆ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿಯೊಂದಿಗೆ ಇಲಾಖೆಗೆ ತಿಳಿಸಿ.

ಮೂರನೆಯದು, ಉಳಿದ ಮಾಲಿನ ಬೆಲೆ. ಬೇರೆ ಅಂಗಡಿಗಳಲ್ಲಿ ನೆನೆದ ಬಟ್ಟೆಯನ್ನೋ ಪಾತ್ರೆಯನ್ನೋ ಕಡಿಮೆ ಬೆಲೆಗೆ ಮಾರಬಹುದೆಂದು ಸರ್ವೇಯರ್ ಒಂದಿಷ್ಟು ಮೊತ್ತ ಕಳೆಯುತ್ತಾರೆ. ಮದ್ಯದಲ್ಲಿ ಹಾಗೆ ಮಾರಲು ಬರುವುದಿಲ್ಲ. ಪರವಾನಗಿ ಇಲ್ಲದವರು ಕೊಳ್ಳುವಂತಿಲ್ಲ, ಇದ್ದವರು ಮುಳುಗಿದ ಬಾಟಲಿ ಮಾರುವಂತಿಲ್ಲ. ಸೀಲ್ ಇದ್ದ ಬಾಟಲಿಗಳನ್ನು ಒಳ್ಳೆಯ ಮಾಲೆಂದು ಕಳೆದಿದ್ದರೆ ಲಿಖಿತ ಆಕ್ಷೇಪ ಸಲ್ಲಿಸಿ, ಜತೆಗೆ ಅಬಕಾರಿ ಪಂಚನಾಮೆ ಮತ್ತು ನಾಶದ ಆದೇಶ ಲಗತ್ತಿಸಿ. ಸರ್ವೇಯರ್ ನೋಡುವ ಮೊದಲು ಅಂಗಡಿ ತೊಳೆದುಬಿಡುವುದು ನಮ್ಮವರಲ್ಲಿ ಸಾಮಾನ್ಯ. ಅದೂ ಹಾನಿಯ ಲೆಕ್ಕವನ್ನು ಕುಗ್ಗಿಸುತ್ತದೆ.

ಪ್ರಶ್ನೆ: ಕರೆಂಟು ಎರಡು ದಿನ ಇಲ್ಲದಿದ್ದರೆ ಬಿಯರ್ ಕೆಡುತ್ತದೆಯೇ? (ಪುಣೆ)

ಬಾಟಲಿ, ಕ್ಯಾನಿನ ಸಾಮಾನ್ಯ ಬಿಯರ್ ಪಾಶ್ಚರೀಕರಿಸಿದ್ದು, ತಣ್ಣಗಿದ್ದದ್ದು ಬೆಚ್ಚಗಾದರೆ ಕೆಡುವುದಿಲ್ಲ. ಬಿಸಿಲಿಗೆ ಮಾತ್ರ ಇಡಬೇಡಿ. ಕೆಗ್‌ನಲ್ಲಿ (ಪೀಪಾಯಿಯಲ್ಲಿ) ಬರುವ ಪಾಶ್ಚರೀಕರಿಸದ ಡ್ರಾಟ್ ಬಿಯರ್‌ಗೆ ತಂಪು ಬೇಕೇ ಬೇಕು. ಎರಡು ದಿನ ಬೆಚ್ಚಗಿದ್ದರೆ ಅದನ್ನು ಗ್ಲಾಸಿಗೆ ಹಿಡಿಯದೆ, ಕೆಗ್ ಸಂಖ್ಯೆ ಬರೆದು ಪೂರೈಕೆದಾರರಿಗೂ ಇಲಾಖೆಗೂ ತಿಳಿಸಿ. ನೀರು ನುಗ್ಗಿದ ಫ್ರಿಜ್ಜನ್ನು ಮೆಕ್ಯಾನಿಕ್ ಬಿಚ್ಚಿ ಒಣಗಿಸದೆ ಚಾಲೂ ಮಾಡಬೇಡಿ.

ಪ್ರಶ್ನೆ: ವೈನ್ ಶಾಪ್‌ಗಳೆಲ್ಲ ಮುಚ್ಚಿದ್ದಾಗ ಅಕ್ಕಪಕ್ಕದವರು ನಮ್ಮ ಪರ್ಮಿಟ್ ರೂಮಿನಿಂದ ಬಾಟಲಿ ಪಾರ್ಸಲ್ ಕೇಳುತ್ತಾರೆ. (ಘಾಟ್ಕೋಪರ್)

ಎಫ್‌ಎಲ್ 3, ಅಂದರೆ ಪರ್ಮಿಟ್ ರೂಮಿನ ಪರವಾನಗಿ, ಇರುವುದು ಅಲ್ಲೇ ಕುಳಿತು ಕುಡಿಯುವವರಿಗೆ ಕೊಡಲು. ಕೋವಿಡ್ ಕಾಲದಲ್ಲಿ ಇದ್ದ ಮಾಲನ್ನು ಸೀಲ್ ಬಾಟಲಿಯಲ್ಲಿ ಎಂಆರ್‌ಪಿಗೆ ಮಾರಲು ಬಿಟ್ಟದ್ದು ವಿಶೇಷ ಆದೇಶದಿಂದ. ಹೊಸ ಆದೇಶವಿಲ್ಲದೆ ಹಳೆಯದು ಆಧಾರವಾಗುವುದಿಲ್ಲ. ನೋಕರ್‌ನಾಮ (ಕೆಲಸದವರಿಗೆ ಇಲಾಖೆಯ ಅನುಮತಿ ಪತ್ರ) ಇಲ್ಲದ ಹುಡುಗರನ್ನು ಕೌಂಟರಿಗೆ ನಿಲ್ಲಿಸುವುದೂ ಬೇಡ, ಕೆಲಸದವರು ಮಳೆಯಿಂದ ಬರಲಾಗದಿದ್ದರೂ ಸರಿ.

ಪ್ರಶ್ನೆ: ಭಿವಂಡಿ ಗೋದಾಮಿನಿಂದ ಹೊರಟ ನಮ್ಮ ಟೆಂಪೊ ನೀರಲ್ಲಿ ಸಿಕ್ಕಿಬಿದ್ದು ಪಾಸಿನ ಅವಧಿ ಮುಗಿದರೆ? ಬೇರೆ ಗಾಡಿಗೆ ಮಾಲು ದಾಟಿಸಬಹುದೇ? (ಠಾಣೆಯ ಸಗಟು ವಿತರಕರು)

ಟ್ರಾನ್ಸ್‌ಪೋರ್ಟ್ ಪಾಸ್ ಆ ಗಾಡಿಯ ಸಂಖ್ಯೆಗೆ, ಆ ದಾರಿಗೆ, ಆ ಅವಧಿಗೆ ಕೊಟ್ಟದ್ದು. ಮೂರರಲ್ಲಿ ಯಾವುದು ಬದಲಾದರೂ ಅದು ಪಾಸಿಲ್ಲದ ಮಾಲಾಗುತ್ತದೆ. ಅವಧಿ ಮುಗಿಯುವ ಮೊದಲೇ ಚಾಲಕ ಗಾಡಿ ನಿಂತ ಜಾಗದ, ನೀರಿನ, ಸಂಖ್ಯೆಯ ತಟ್ಟೆಯ ಫೋಟೋ ಕಳಿಸಲಿ. ನೀವು ಎಫ್‌ಎಲ್ 1 (ಸಗಟು ಪರವಾನಗಿಯ) ಗೋದಾಮಿನ ಅಧಿಕಾರಿಗೂ ಮಾಲು ತಲುಪಬೇಕಾದ ಕಡೆಯ ನಿರೀಕ್ಷಕರಿಗೂ ಒಂದೇ ಇಮೇಲಿನಲ್ಲಿ ಪಾಸ್ ಸಂಖ್ಯೆ, ಜಾಗ, ಕಾರಣ ಬರೆದು ಅವಧಿ ವಿಸ್ತರಣೆ ಕೇಳಿ. ಫೋನಿನಲ್ಲಿ ಹೇಳಿದ್ದೇವೆ ಎಂದರೆ ಚೆಕ್ ನಾಕೆಯಲ್ಲಿ ಯಾರೂ ಕೇಳುವುದಿಲ್ಲ.

ಮಾಲು ದಾಟಿಸುವುದು ಅನುಮತಿ ಬಂದ ಮೇಲೆಯೇ, ಹೊಸ ಗಾಡಿಯ ಸಂಖ್ಯೆ ದಾಖಲಾದ ಮೇಲೆಯೇ. ಗಾಡಿಗೆ ನೀರು ನುಗ್ಗಿ ಪೆಟ್ಟಿಗೆ ನೆನೆದರೆ ಅಂಗಡಿಯವರು ಇಳಿಸಿಕೊಳ್ಳುವ ಮೊದಲು ಅಲ್ಲೇ ಎಣಿಸಿ ಕೊರತೆ, ಒಡಕನ್ನು ಪಾಸಿನ ಹಿಂಬದಿಯಲ್ಲಿ ಇಬ್ಬರೂ ಬರೆದು ಸಹಿ ಮಾಡಿ. ಅಂಗಡಿಯವರು ಪೂರ್ತಿ ಮಾಲು ಬಂತೆಂದು ರಿಜಿಸ್ಟರಿಗೆ ಏರಿಸಿಬಿಟ್ಟರೆ ಹಾನಿ ಅವರ ತಲೆಗೆ ಬರುತ್ತದೆ. ಚಾಲಕನಿಗೆ ಒಂದು ಮಾತು ಖಚಿತವಾಗಿ ಹೇಳಿಡಿ: ನೀರು ಚಕ್ರದ ಅರ್ಧಕ್ಕೆ ಏರಿದರೆ ಬೀಗ ಹಾಕಿ, ಪಾಸು ಜೇಬಿಗಿಟ್ಟುಕೊಂಡು ಗಾಡಿ ಬಿಟ್ಟು ಎತ್ತರದ ಜಾಗಕ್ಕೆ ಹೋಗಬೇಕು. ಮಾಲು ಕಾಯಲೆಂದು ಗಾಡಿಯಲ್ಲೇ ಕೂರಬಾರದು.

ಪ್ರಶ್ನೆ: ನಮ್ಮ ಪರ್ಮಿಟ್ ರೂಮಿನ ಮೇಲಿನ ಹಾಲನ್ನು ನೆರೆ ಸಂತ್ರಸ್ತರಿಗಾಗಿ ಕೇಳಿದ್ದಾರೆ. ಕೊಟ್ಟರೆ ಪರವಾನಗಿಗೆ ತೊಂದರೆಯೇ? (ಸಯನ್)

ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಮು ಅಧಿಕಾರಿಗಳಿಗೆ ಕಟ್ಟಡ, ವಾಹನಗಳನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯುವ ಅಧಿಕಾರ ಕೊಡುತ್ತದೆ, 66ನೆಯದು ಅದಕ್ಕೆ ಪರಿಹಾರ ಹೇಳುತ್ತದೆ. ಸಂತೋಷದಿಂದ ಕೊಡಿ, ಆದರೆ ಲಿಖಿತ ಆದೇಶದ ಮೇಲೆ ಕೊಡಿ. ಆ ಹಾಲ್ ಪರವಾನಗಿಯ ನಕ್ಷೆಯೊಳಗೆ ಬಂದರೆ ಇಲಾಖೆಗೆ ಅಂದೇ ತಿಳಿಸಿ, ಅಲ್ಲಿಯ ಮಾಲನ್ನು ನಕ್ಷೆಯೊಳಗಿನ ಬೇರೆ ಕೋಣೆಗೆ ಸೇರಿಸಿ ಬೀಗ ಹಾಕಿ, ಬೀಗದ ಕೈ ಪರವಾನಗಿದಾರರ ಬಳಿಯೇ ಇರಲಿ. ಮಕ್ಕಳು, ಹೆಂಗಸರು ತಂಗಿರುವಷ್ಟು ದಿನ ಕೆಳಗೆ ಮದ್ಯ ಮಾರಾಟ ನಿಲ್ಲಿಸುವುದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಮೆಟ್ಟಿಲು, ಶೌಚಾಲಯ ಎರಡಕ್ಕೂ ಒಂದೇ ಆಗಿದ್ದರೆ ಬೇರೆ ಯೋಚನೆಗೆ ಜಾಗವೇ ಇಲ್ಲ.